ಗಾಣ, ಡಬ್ಬಿ, ಪಾಕೀಟು: ಹುಬ್ಬಳ್ಳಿ-ಧಾರವಾಡದ ಅಡುಗೆ ಎಣ್ಣೆಯ ಚರಿತ್ರೆ

ಹೊರದೇಶದ ಆಹಾರ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದೇನು? ಮೈಮೇಲೆ ಚೀಟಿ ಅಂಟಿಸಿಕೊಂಡ ಸೇಬು, ಬಣ್ಣದ ಕಾಗದದ ಚಾಕೊಲೇಟು, ಹೆಸರು ಹೇಳಲು ನಾಲಗೆ ತೊಡರುವ ಯಾವುದೋ ಹಣ್ಣು. ಹುಬ್ಬಳ್ಳಿಯ ದೊಡ್ಡ ಅಂಗಡಿಗಳ ಕಪಾಟುಗಳಲ್ಲಿ ಇವೆಲ್ಲ ಇವೆ, ನಿಜ. ಆದರೆ ನಮ್ಮ ಅವಳಿ ನಗರದ ಮನೆಗಳಿಗೆ ಕಡಲು ದಾಟಿ ಬರುವ ಆಹಾರದಲ್ಲಿ ಇವುಗಳ ಪಾಲು ಅಲ್ಪ. ಬಹುಪಾಲು ಬರುವುದು ಯಾರ ಕಣ್ಣಿಗೂ ಬೀಳದಂತೆ: ದುರ್ಗದ ಬೈಲಿನ ಮಿರ್ಚಿ ಭಜಿಯ ಬಾಣಲೆಯಲ್ಲಿ, ಖಾನಾವಳಿಯ ಪಲ್ಲೆಯ ಒಗ್ಗರಣೆಯಲ್ಲಿ, ಚಹಾದ ಜೊತೆ ಕೊಡುವ ಬಿಸ್ಕೀಟಿನಲ್ಲಿ. ಅದು ಅಡುಗೆ ಎಣ್ಣೆ.

2022-23ರ ತೈಲ ವರ್ಷದಲ್ಲಿ, ಅಂದರೆ ನವೆಂಬರದಿಂದ ಅಕ್ಟೋಬರದವರೆಗೆ, ಭಾರತ ಆಮದು ಮಾಡಿಕೊಂಡ ಖಾದ್ಯ ತೈಲ ಸುಮಾರು 165 ಲಕ್ಷ ಟನ್. ದೇಶ ಬಳಸುವ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಹೊರಗಿನದು. ಅಕ್ಕಿ-ಗೋದಿಗಳ ವಿಷಯದಲ್ಲಿ ಸ್ವಾವಲಂಬನೆಯ ಮಾತನ್ನು ಹೆಮ್ಮೆಯಿಂದ ಆಡುವ ದೇಶಕ್ಕೆ ಈ ಅಂಕಿ ಹೊಂದುವುದಿಲ್ಲ. ಶೇಂಗಾ, ಕುಸುಬಿ, ಗುರೆಳ್ಳು, ಅಗಸಿ, ಎಳ್ಳು ಎಲ್ಲವನ್ನೂ ಹೊಲದಲ್ಲೇ ಕಂಡ ಧಾರವಾಡ ಸೀಮೆಗಂತೂ ಇನ್ನೂ ಹೊಂದುವುದಿಲ್ಲ. ಎಣ್ಣೆ ಕಾಳಿನ ತವರಾಗಿದ್ದ ಈ ನೆಲ ಎಣ್ಣೆಯನ್ನು ಕೊಂಡು ತಿನ್ನುವ ಸ್ಥಿತಿಗೆ ಬಂದದ್ದು ಹೇಗೆ ಎಂಬುದನ್ನು ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ.

ಕಥೆ ಬಹಳ ಹಿಂದಿನಿಂದ ಶುರುವಾಗುತ್ತದೆ. ನಮ್ಮ ಭಾಗದ ಚಾಲುಕ್ಯ ಕಾಲದ ಶಾಸನಗಳನ್ನು ಓದಿದವರಿಗೆ 'ತೆಲ್ಲಿಗರಯ್ವತ್ತೊಕ್ಕಲು' ಎಂಬ ಹೆಸರು ಹೊಸದಲ್ಲ. ಎಣ್ಣೆ ತೆಗೆಯುವವರ ವೃತ್ತಿಸಂಘ ಅದು. ದೇವಾಲಯದ ನಂದಾದೀವಿಗೆಗೆ ಪ್ರತಿಯೊಂದು ಗಾಣದಿಂದ ಇಷ್ಟು ಅಳತೆಯ ಎಣ್ಣೆ ಸಲ್ಲಬೇಕೆಂದು ಸಂಘದವರು ಸೇರಿ ಗೊತ್ತುಮಾಡಿ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನೆಂಬ ವಚನಕಾರನಿದ್ದಾನೆ. ಎಣ್ಣೆ ಎಂಬುದು ಆಗ ಊರೊಳಗೇ ಹುಟ್ಟಿ ಊರೊಳಗೇ ಮುಗಿಯುವ ವಸ್ತು. ಒಕ್ಕಲಿಗ ತನ್ನ ಕಾಳನ್ನು ಗಾಣಕ್ಕೆ ಒಯ್ಯುವನು, ಎಣ್ಣೆ ತರುವನು, ಹಿಂಡಿ ದನಕ್ಕೆ ಹಾಕುವನು. ಗಾಣಿಗನ ಕೂಲಿ ಕೆಲವೆಡೆ ಹಿಂಡಿಯಲ್ಲೇ ಮುಟ್ಟುತ್ತಿತ್ತು. ನಡುವೆ ಅಂಗಡಿ ಇರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಬೇಕು. ಜೋಳದ ರೊಟ್ಟಿಗೆ ಎಣ್ಣೆ ಬೇಡ. ನೀರು ಹಚ್ಚಿ ಬೇಯಿಸುವ ಪದಾರ್ಥ ಅದು. ಧಾರವಾಡ ಸೀಮೆಯ ಊಟದಲ್ಲಿ ಎಣ್ಣೆ ಕಾಳು ಎಣ್ಣೆಯ ರೂಪಕ್ಕಿಂತ ಕಾಳಿನ ರೂಪದಲ್ಲೇ ಹೆಚ್ಚು ಬರುತ್ತಿತ್ತು. ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಚಟ್ನಿ, ಸಂಕ್ರಾಂತಿಗೆ ಎಳ್ಳು, ಪಂಚಮಿಗೆ ಶೇಂಗಾ ಉಂಡಿ, ಕುಸುಬಿಯನ್ನು ನೆನೆಯಿಸಿ ರುಬ್ಬಿ ಹಾಲು ಹಿಂಡಿ ಮಾಡುವ ಹುಗ್ಗಿ. ರೊಟ್ಟಿಯ ಬದಿಗೆ ಒಂದು ಚಮಚ ಚಟ್ನಿಪುಡಿ, ಅದರ ಮೇಲೆ ನಾಲ್ಕು ಹನಿ ಹಸಿ ಕುಸುಬಿ ಎಣ್ಣೆ ಬಿದ್ದರೆ ಆಯಿತು. 1950ರ ಸುಮಾರಿನಲ್ಲಿ ಭಾರತದಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ ಬಳಸುತ್ತಿದ್ದ ಎಣ್ಣೆ ಸುಮಾರು 3 ಕಿಲೋ. ಈಗ ಅದು 19 ಕಿಲೋ ಮುಟ್ಟಿದೆ. ಬಡತನ ಮೊದಲಿನ ಅಂಕಿಗೆ ಒಂದು ಕಾರಣ, ಅಡುಗೆಯ ರೀತಿ ಇನ್ನೊಂದು.

ಕುಸುಬಿಯ ಗುಣವನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಮುಂದೆ ಅದನ್ನು ನಾವು ಕಳೆದುಕೊಳ್ಳಲಿದ್ದೇವೆ. ಇದು ಹಿಂಗಾರಿ ಬೆಳೆ. ಮಳೆ ನಿಂತ ಮೇಲೆ ಎರೆಭೂಮಿಯ ಒಡಲಲ್ಲಿ ಉಳಿದ ಹಸಿಯನ್ನೇ ಆಳಕ್ಕೆ ಬೇರು ಬಿಟ್ಟು ಹೀರಿ ಬೆಳೆಯುತ್ತದೆ. ಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿ, ಬದುವಿನ ಗುಂಟ ಕಾವಲಾಗಿ ಇದನ್ನು ಬಿತ್ತುತ್ತಿದ್ದರು. ಮುಳ್ಳಿರುವುದರಿಂದ ದನ ಒಳಗೆ ನುಗ್ಗುವುದಿಲ್ಲ. ಬೇಲಿಯೂ ಅದೇ, ಎಣ್ಣೆಯೂ ಅದೇ. ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಇದಕ್ಕೆ ಹೇಳಿ ಮಾಡಿಸಿದ ನೆಲ. ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರ ಎ-1 ಎಂಬ ಕುಸುಬಿ ತಳಿಗೆ ಹೆಸರಾಯಿತು. ಶೇಂಗಾ ಮಾತ್ರ ಹೀಗೆ ನಮ್ಮ ನೆಲದ ಮೂಲನಿವಾಸಿಯಲ್ಲ. ಮೆಣಸಿನಕಾಯಿಯಂತೆ ಅದೂ ದಕ್ಷಿಣ ಅಮೆರಿಕದಿಂದ ಬಂದದ್ದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತೆಂದು ನಾವು ಸಂಭ್ರಮಿಸಿದೆವಲ್ಲ, ಅದರ ಪೂರ್ವಜರು ಪೋರ್ಚುಗೀಸರ ಕಾಲದಲ್ಲಿ ಹಡಗು ಇಳಿದವರು. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂಬ ವಾದ ನನ್ನದಲ್ಲ. ಬೀಜ ಬಂದರೆ ಅದು ನಮ್ಮ ಹೊಲ ಸೇರಿ ನಮ್ಮದಾಗುತ್ತದೆ. ಎಣ್ಣೆಯೇ ಬಂದರೆ ಕಥೆ ಬೇರೆ.

ಮೊಟ್ಟಮೊದಲು ಈ ಭಾಗಕ್ಕೆ ಬಂದ ಪರದೇಶದ ಎಣ್ಣೆ ಅಡುಗೆಮನೆಗೆ ಬಂದದ್ದಲ್ಲ, ದೀಪಕ್ಕೆ ಬಂದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೊದಲು ಅಮೆರಿಕದಿಂದ, ಬಳಿಕ ರಷ್ಯಾ ಮತ್ತು ಬರ್ಮಾಗಳಿಂದ ಸೀಮೆ ಎಣ್ಣೆ ತಗಡಿನ ಡಬ್ಬಿಗಳಲ್ಲಿ ಬಂತು. ನಮ್ಮ ಜನ ಅದನ್ನು ಚಿಮಣಿ ಎಣ್ಣೆ ಎಂದರು. ಅಲ್ಲಿಯವರೆಗೆ ಹಣತೆಗೆ ಔಡಲ ಎಣ್ಣೆ, ಕುಸುಬಿ ಎಣ್ಣೆ ಸುರಿಯುತ್ತಿದ್ದರು. ಚಿಮಣಿ ಎಣ್ಣೆ ಅಗ್ಗ, ಬೆಳಕೂ ಹೆಚ್ಚು. ಗಾಣಿಗನ ವ್ಯಾಪಾರದ ಒಂದು ಪಾಲು ಹೀಗೆ ಸದ್ದಿಲ್ಲದೆ ಕಳಚಿತು. ಖಾಲಿಯಾದ ಡಬ್ಬಿಯನ್ನಾದರೂ ಜನ ಬಿಡಲಿಲ್ಲ. ನೀರು ಹೊರಲು, ಧಾನ್ಯ ತುಂಬಿಡಲು, ಸೀಳಿ ತಟ್ಟಿ ಬಾಗಿಲಿಗೆ ಬಡಿಯಲು ಅದೇ ಆಯಿತು. ಮುಂದೆ ಅಡುಗೆ ಎಣ್ಣೆಯ ಸಗಟು ವ್ಯಾಪಾರವೂ ಇಂಥದೇ ಡಬ್ಬಿಯ ಲೆಕ್ಕಕ್ಕೆ ಬಂತು. ಹುಬ್ಬಳ್ಳಿಯ ಕಿರಾಣಿ ವ್ಯಾಪಾರಿಗಳು ಎಣ್ಣೆಯ ಧಾರಣೆಯನ್ನು ಇಂದಿಗೂ 'ಡಬ್ಬಿಗೆ ಎಷ್ಟು' ಎಂದೇ ಕೇಳುವುದು.

ಡಬ್ಬಿ ಬರಬೇಕಾದರೆ ದಾರಿ ಬೇಕು. ಅದಕ್ಕೆ ಮುಂಚೆ ನಮ್ಮ ಸೀಮೆಯ ಹತ್ತಿ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಮುಂಬಯಿಯ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂದು ಹೆಸರಾದದ್ದು ಧಾರವಾಡದ ಹೊಲದ ಹತ್ತಿಯೇ. 1876-78ರ ಭೀಕರ ಕ್ಷಾಮದಲ್ಲಿ, ಜನ ಧಾತು ಸಂವತ್ಸರದ ಬರವೆಂದು ನೆನೆದ ಆ ಕಾಲದಲ್ಲಿ, ಧಾರವಾಡ ಮತ್ತು ಕಲಾದಗಿ ಜಿಲ್ಲೆಗಳಿಗೆ ಧಾನ್ಯ ತಲುಪಿಸಲು ರೈಲು ಇರಲಿಲ್ಲ. ಬಂಡಿ ಎಳೆಯಬೇಕಾದ ಎತ್ತುಗಳೂ ಮೇವಿಲ್ಲದೆ ಸಾಯುತ್ತಿದ್ದವು. ಆ ಅನುಭವದ ಬೆನ್ನಲ್ಲೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಆ ದಶಕ ಮುಗಿಯುವಷ್ಟರಲ್ಲಿ ಹುಬ್ಬಳ್ಳಿ ಒಂದು ಕಡೆ ಗದಗ, ಬಳ್ಳಾರಿಗೂ ಇನ್ನೊಂದು ಕಡೆ ಲೋಂಡಾ ಮಾರ್ಗವಾಗಿ ಗೋವೆಯ ಮಾರ್ಮಗೋವಾ ಬಂದರಿಗೂ ಕೂಡಿಕೊಂಡಿತು. ಬರಗಾಲದಲ್ಲಿ ಧಾನ್ಯ ತರಲು ಹಾಕಿದ ಹಳಿ ಒಳ್ಳೆಯ ಕಾಲದಲ್ಲಿ ಹತ್ತಿ, ಶೇಂಗಾಗಳನ್ನು ಹೊರಗೆ ಒಯ್ದಿತು. ಹುಬ್ಬಳ್ಳಿ ವ್ಯಾಪಾರದ ಊರಾಗಿ ಬೆಳೆದದ್ದು, ಅಡತಿ ಅಂಗಡಿಗಳ ಸಾಲು ಎದ್ದದ್ದು, ಹಮಾಲರ ಓಣಿಗಳು ಹುಟ್ಟಿಕೊಂಡದ್ದು ಈ ಹಳಿಯ ಬಲದಿಂದ. ಎಣ್ಣೆ ಗಿರಣಿಗಳೂ ಬಂದವು. ಗಿರಣಿಯ ಹೊಗೆಯೆದುರು ಗಾಣದ ಎತ್ತು ಎಷ್ಟು ದಿನ ಸುತ್ತೀತು!

ಅಡುಗೆಮನೆಯ ಬಾಗಿಲು ತೆರೆದದ್ದು ವನಸ್ಪತಿ. ಹಾಲೆಂಡಿನಿಂದ ಬರುತ್ತಿದ್ದ ಹೆಪ್ಪುಗಟ್ಟಿಸಿದ ಎಣ್ಣೆ 1930ರ ದಶಕದಲ್ಲಿ ಮುಂಬಯಿಯಲ್ಲೇ ತಯಾರಾಗತೊಡಗಿ, 1937ರಲ್ಲಿ ಡಾಲ್ಡಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. ಧಾರವಾಡ ಆಗ ಮುಂಬಯಿ ಪ್ರಾಂತದ ಜಿಲ್ಲೆ. ಮುಂಬಯಿಯ ಸರಕು ಇಲ್ಲಿಗೆ ಬೇಗ ಬರುತ್ತಿತ್ತು. ತುಪ್ಪದ ಕಲಬೆರಕೆ ಹೆಚ್ಚೀತೆಂದು ದೊಡ್ಡ ಗದ್ದಲವೆದ್ದು, ವನಸ್ಪತಿಯನ್ನೇ ನಿಷೇಧಿಸುವ ಮಸೂದೆ ಸಂಸತ್ತಿನವರೆಗೆ ಹೋಗಿ ಬಿದ್ದುಹೋಯಿತು. ತುಪ್ಪದಲ್ಲಿ ಬೆರೆಸಿದರೆ ಪತ್ತೆಯಾಗಲೆಂದು ಅದಕ್ಕೆ ಶೇಕಡಾ 5ರಷ್ಟು ಎಳ್ಳೆಣ್ಣೆ ಸೇರಿಸಬೇಕೆಂಬ ಕಾನೂನು ಮಾತ್ರ ಬಂತು. ಆ ಕಾಲದ ವನಸ್ಪತಿ ಬಹುಪಾಲು ಶೇಂಗಾ ಎಣ್ಣೆಯಿಂದಲೇ ಆಗುತ್ತಿದ್ದುದರಿಂದ ನಮ್ಮ ಶೇಂಗಾ ಬೆಳೆಗಾರನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಇನ್ನು ಧಾನ್ಯದ ಕಡೆ ಸ್ವಲ್ಪ ಹೊರಳೋಣ. ಎಣ್ಣೆಯ ಕಥೆ ಅರ್ಥವಾಗಬೇಕಾದರೆ ಗೋದಿಯ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು.

1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಮುಂಬಯಿ ನಗರದಲ್ಲಿ ರೇಷನ್ ಜಾರಿಯಾಯಿತು. 'ಕಂಟ್ರೋಲು' ಎಂಬ ಇಂಗ್ಲಿಷ್ ಪದ ಕನ್ನಡದ ಮನೆಮಾತಾದದ್ದು ಆಗ. ಸ್ವಾತಂತ್ರ್ಯ ಬಂದ ಮೇಲೂ ಕೊರತೆ ಮುಗಿಯಲಿಲ್ಲ. 1956ರಲ್ಲಿ ಅಮೆರಿಕದೊಡನೆ ಪಿ.ಎಲ್. 480 ಕಾಯಿದೆಯ ಅನ್ವಯ ಮೊದಲ ಒಪ್ಪಂದವಾಯಿತು. 1960ರಲ್ಲಿ ಆಹಾರ ಸಚಿವರಾಗಿದ್ದ ಎಸ್.ಕೆ. ಪಾಟೀಲರು ಸಹಿ ಮಾಡಿದ ಒಪ್ಪಂದದಲ್ಲಿ ನಾಲ್ಕು ವರ್ಷಗಳಲ್ಲಿ 160 ಲಕ್ಷ ಟನ್ ಗೋದಿ, 10 ಲಕ್ಷ ಟನ್ ಅಕ್ಕಿ ಬರಬೇಕಿತ್ತು. ಎರಡು ವರ್ಷ ಸಾಲಾಗಿ ಬರ ಬಿದ್ದ 1966ರಲ್ಲಿ ದೇಶಕ್ಕೆ ಬಂದ ಧಾನ್ಯ ಒಂದು ಕೋಟಿ ಟನ್ನಿಗೂ ಮಿಕ್ಕಿತ್ತು. ಅಮೆರಿಕದ ಅಧ್ಯಕ್ಷ ಜಾನ್ಸನ್ನರು ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಬಿಗಿಹಿಡಿದು ಬಿಟ್ಟರು. ಸೋಮವಾರ ಸಂಜೆ ಊಟ ಬಿಡಿರೆಂದು ಶಾಸ್ತ್ರೀಜಿ ದೇಶಕ್ಕೆ ಕರೆಕೊಟ್ಟದ್ದು ಅದೇ ಸುಮಾರಿನಲ್ಲಿ.

ಹಿರಿಯ ಓದುಗರಿಗೆ ಇದು ಪುಸ್ತಕದ ಚರಿತ್ರೆಯಲ್ಲ, ನಾಲಗೆಯ ನೆನಪು. ಶಾಲೆಯಲ್ಲಿ ಕೇರ್ ಸಂಸ್ಥೆಯ ನೆರವಿನ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು. ಕೈಗೆ ಕೈ ಜೋಡಿಸಿದ ಚಿತ್ರವಿದ್ದ ಚೀಲಗಳು, ಡಬ್ಬಿಗಳು. ಆ ಡಬ್ಬಿಗಳಲ್ಲಿ ಕೆಲವದರಲ್ಲಿ ಇದ್ದದ್ದು ಸೋಯಾ ಎಣ್ಣೆ. ಧಾರವಾಡದ ಅಂಗಡಿಯಲ್ಲಿ ಸೋಯಾ ಎಂಬ ಹೆಸರು ಕೇಳುವ ಎಷ್ಟೋ ವರ್ಷ ಮುಂಚೆ ಇಲ್ಲಿನ ಮಕ್ಕಳು ಅದರ ಒಗ್ಗರಣೆಯ ಉಪ್ಪಿಟ್ಟು ತಿಂದಿದ್ದರು. ಈಗ ಅದೇ ಸೋಯಾ ಅವರೆಯನ್ನು ಧಾರವಾಡ, ಬೆಳಗಾವಿಯ ರೈತರು ಮುಂಗಾರಿಯಲ್ಲಿ ಬೆಳೆಯುತ್ತಾರೆ.

ಹಡಗಿನಿಂದ ಹೊಟ್ಟೆಗೆ ಎಂಬ ಆ ಸ್ಥಿತಿಯಿಂದ ದೇಶ ಹೊರಬಂದದ್ದು ಹೇಗೆ? ಹೊಸ ತಳಿ, ನೀರು, ಗೊಬ್ಬರ ಎಂದು ಎಲ್ಲರೂ ಹೇಳುತ್ತಾರೆ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋದಿ ತಂದದ್ದು ಸತ್ಯ. ಆದರೆ ಅದಕ್ಕೂ ಒಂದು ವರ್ಷ ಮುಂಚೆ, 1965ರಲ್ಲಿ, ಎರಡು ಸಂಸ್ಥೆಗಳು ಹುಟ್ಟಿದ್ದವು: ಬೆಲೆ ಗೊತ್ತುಮಾಡಲು ಕೃಷಿ ಬೆಲೆ ಆಯೋಗ, ಆ ಬೆಲೆಗೆ ಕೊಳ್ಳಲು ಭಾರತ ಆಹಾರ ನಿಗಮ. ಬೆಳೆದರೆ ಇಷ್ಟು ದರ ಖಂಡಿತ, ಕೊಳ್ಳುವವನೂ ಖಂಡಿತ ಎಂಬ ಭರವಸೆ ಪಂಜಾಬಿನ ರೈತನಿಗೆ ಸಿಕ್ಕಿತು. ಎಣ್ಣೆ ಕಾಳಿನ ರೈತನಿಗೆ ಬೆಂಬಲ ಬೆಲೆಯ ಘೋಷಣೆ ಬಂತು. ಬಾಗಿಲಿಗೆ ಬಂದು ಕೊಳ್ಳುವ ಕೈ ಬರಲಿಲ್ಲ. ವ್ಯತ್ಯಾಸ ಇರುವುದು ಇಲ್ಲಿ ಎಂದು ನನಗೆ ತೋರುತ್ತದೆ.

ಎಣ್ಣೆಯ ಕೊರತೆಯನ್ನು ಸರಕಾರ ಬೇರೆ ರೀತಿ ತುಂಬಿತು. 1970ರ ದಶಕದ ಕೊನೆಯಿಂದ ರಾಜ್ಯ ವ್ಯಾಪಾರ ನಿಗಮ ಮಲೇಶಿಯಾ ಮೊದಲಾದೆಡೆಯಿಂದ ತಾಳೆ ಎಣ್ಣೆ ತರಿಸಿ ಒಂದು ಪಾಲನ್ನು ವನಸ್ಪತಿ ಕಾರ್ಖಾನೆಗಳಿಗೆ, ಇನ್ನೊಂದು ಪಾಲನ್ನು ನ್ಯಾಯಬೆಲೆ ಅಂಗಡಿಗಳಿಗೆ ಕೊಟ್ಟಿತು. 1980ರ ದಶಕದಲ್ಲಿ ಹುಬ್ಬಳ್ಳಿಯ ರೇಷನ್ ಅಂಗಡಿಯ ಮುಂದೆ ಕ್ಯಾನು ಹಿಡಿದು ಸರದಿಯಲ್ಲಿ ನಿಂತವರಿಗೆ 'ಪಾಮೋಲಿನ್' ಪರಿಚಿತ. ಧಾರವಾಡದ ಚಳಿಗೆ ಅದು ಮಾರ್ಗಶಿರ ಮಾಸದಲ್ಲಿ ಹೆಪ್ಪುಗಟ್ಟಿ ಬಾಟಲಿಯಿಂದ ಇಳಿಯುತ್ತಿರಲಿಲ್ಲ. 'ಇದು ಎಣ್ಣಿ ಅಲ್ಲ, ಮೇಣ' ಎಂದು ಮೂಗು ಮುರಿದವರೇ ಮರುತಿಂಗಳು ಮತ್ತೆ ಸರದಿಯಲ್ಲಿ ನಿಂತರು. ಶೇಂಗಾ ಎಣ್ಣೆಯ ಧಾರಣೆ ಹಬ್ಬದ ಮುಂದೆ ಏರುತ್ತಿದ್ದ ಆ ದಿನಗಳಲ್ಲಿ ರೇಷನ್ ಎಣ್ಣೆ ಬಡವರ ಮನೆಯ ಒಲೆಗೆ ಆಸರೆಯಾಗಿತ್ತೆಂಬುದನ್ನು ಮರೆಯಬಾರದು.

ಇದೇ ಹೊತ್ತಿಗೆ ಬೆಳೆಯುವ ಕಡೆಯಿಂದಲೂ ಪ್ರಯತ್ನ ನಡೆದಿತ್ತು. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಸೂರ್ಯಕಾಂತಿಯ ತಳಿಗಳು ಬಂದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಿಎಸ್‌ಎಚ್-1 ಎಂಬ ಸಂಕರಣ ತಳಿ ಹೊರಬಂತು. ಬಯಲು ಸೀಮೆಯ ಎರೆಹೊಲಗಳು ಹಳದಿಯಾದವು; ದೇಶದ ಸೂರ್ಯಕಾಂತಿಯಲ್ಲಿ ದೊಡ್ಡ ಪಾಲು ಕರ್ನಾಟಕದ್ದಾಯಿತು. 1984ರಲ್ಲಿ ಎಣ್ಣೆ ಬೀಜ ಬೆಳೆಗಾರರ ಸಹಕಾರ ಮಹಾಮಂಡಳ ಸ್ಥಾಪನೆಯಾಯಿತು, ಅದರ ಪ್ರಾದೇಶಿಕ ಒಕ್ಕೂಟ ಹುಬ್ಬಳ್ಳಿಗೂ ಬಂತು. ಸಹಕಾರ ನಮ್ಮ ಜಿಲ್ಲೆಗೆ ಹೊಸದಾಗಿರಲಿಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ನೋಂದಣಿಯಾದದ್ದು ಆಗಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ. 1986ರಲ್ಲಿ ಕೇಂದ್ರ ಸರಕಾರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಆರಂಭಿಸಿತು. ಅದೇ ವರ್ಷ ಅಕ್ಟೋಬರದಲ್ಲಿ ಧಾರವಾಡಕ್ಕೆ ಕೃಷಿ ವಿಶ್ವವಿದ್ಯಾಲಯ ಬಂತು. ಫಲ ಬೇಗ ಕಂಡಿತು. 1985-86ರಲ್ಲಿ ಸುಮಾರು 108 ಲಕ್ಷ ಟನ್ ಇದ್ದ ದೇಶದ ಎಣ್ಣೆಕಾಳಿನ ಉತ್ಪಾದನೆ ಹತ್ತು ವರ್ಷಗಳಲ್ಲಿ ಇಮ್ಮಡಿ ದಾಟಿತು. 1990ರ ದಶಕದ ಆರಂಭದಲ್ಲಿ ಆಮದು ಬಳಕೆಯ ಶೇಕಡಾ 3ರಷ್ಟಕ್ಕೆ ಇಳಿದಿತ್ತು. ಹಳದಿ ಕ್ರಾಂತಿ ಎಂದು ಪತ್ರಿಕೆಗಳು ಬರೆದವು. ಬರೆಯುವಂಥದೇ ಆಗಿತ್ತು.

ಆ ಕ್ರಾಂತಿಯ ಆಯುಷ್ಯ ಎಂಟು ವರ್ಷ. 1994ರಲ್ಲಿ ಪಾಮೋಲಿನ್ ಎಣ್ಣೆಯನ್ನು ಶೇಕಡಾ 65ರ ಸುಂಕದೊಂದಿಗೆ ಮುಕ್ತ ಆಮದಿನ ಪಟ್ಟಿಗೆ ಸೇರಿಸಲಾಯಿತು. 1995ರಲ್ಲಿ ಬಹುತೇಕ ಎಲ್ಲ ಖಾದ್ಯ ತೈಲಗಳಿಗೂ ಬಾಗಿಲು ತೆರೆದು ಸುಂಕ ಶೇಕಡಾ 30ಕ್ಕೆ ಇಳಿಯಿತು. 1998ರ ಹೊತ್ತಿಗೆ ಅದು ಶೇಕಡಾ 15. ಅದೇ ದಶಕ ಮುಗಿಯುವಷ್ಟರಲ್ಲಿ ವರ್ಷದ ಆಮದು 40 ಲಕ್ಷ ಟನ್ ದಾಟಿತ್ತು. ಆಮದಿಗೆ ಇದ್ದ ಪ್ರಮಾಣದ ಮಿತಿಗಳನ್ನು ವಿಶ್ವ ವ್ಯಾಪಾರ ಸಂಘಟನೆಯ ತೀರ್ಪಿನಂತೆ 2001ರ ಏಪ್ರಿಲ್ 1ರಂದು ಪೂರ್ಣವಾಗಿ ತೆಗೆದಾಗ ನಮ್ಮಲ್ಲಿ ಬಹಳ ಚರ್ಚೆಯಾಯಿತು. ವಿಶ್ವ ವ್ಯಾಪಾರ ಸಂಘಟನೆ ನಮ್ಮನ್ನು ಮುಳುಗಿಸಿತೆಂದು ಭಾಷಣಗಳಾದವು. ಎಣ್ಣೆಯ ಮಟ್ಟಿಗೆ ಆ ಮಾತು ತಪ್ಪು. ತಾಳೆ ಎಣ್ಣೆಗೆ ಶೇಕಡಾ 300ರವರೆಗೆ ಸುಂಕ ಹಾಕುವ ಹಕ್ಕನ್ನು ಆ ಒಪ್ಪಂದದಲ್ಲೇ ನಾವು ಉಳಿಸಿಕೊಂಡಿದ್ದೆವು. ಸುಂಕ ಇಳಿಸಿದ್ದು ದಿಲ್ಲಿ, ನಗರದ ಗ್ರಾಹಕನ ಬೆಲೆ ಏರಬಾರದೆಂದು.

ತಾಳೆ ಎಣ್ಣೆ ಅಷ್ಟು ಅಗ್ಗವೇಕೆ? ಲೆಕ್ಕ ಸರಳ. ಇಂಡೋನೇಶಿಯಾ, ಮಲೇಶಿಯಾಗಳ ತಾಳೆ ತೋಟದಲ್ಲಿ ಒಂದು ಹೆಕ್ಟೇರಿಗೆ ವರ್ಷಕ್ಕೆ ಮೂರು-ಮೂರೂವರೆ ಟನ್ ಎಣ್ಣೆ ಬರುತ್ತದೆ. ಮಳೆಯನ್ನೇ ನಂಬಿದ ನಮ್ಮ ಶೇಂಗಾ ಹೊಲದಲ್ಲಿ ಹೆಕ್ಟೇರಿಗೆ ಹತ್ತು ಕ್ವಿಂಟಾಲ್ ಕಾಯಿ ಬಂತೆಂದುಕೊಳ್ಳಿ, ಅದು ಒಳ್ಳೆಯ ವರ್ಷ. ಸುಲಿದರೆ ಏಳು ಕ್ವಿಂಟಾಲ್ ಬೀಜ. ಹಿಂಡಿದರೆ ಮೂರು ಕ್ವಿಂಟಾಲ್ ಎಣ್ಣೆ. ಹತ್ತರಲ್ಲಿ ಒಂದು ಪಾಲು. ಹೊಲದ ರೈತ ಎಷ್ಟು ಜಾಣನಾದರೂ ಈ ಅಂತರ ದಾಟಲಾರ. ಅವನ ಮುಂದೆ ಇದ್ದದ್ದು ಬೆಳೆ ಬದಲಿಸುವ ದಾರಿಯೊಂದೇ.

ಬದಲಿಸಿದ. ಹಾವೇರಿ ಕಡೆ ಗೋವಿನಜೋಳ ಬಂತು, ಕೋಳಿ ಆಹಾರದ ಕಾರ್ಖಾನೆಗಳಿಗೆ. ಧಾರವಾಡ-ಗದಗದ ಎರೆಯಲ್ಲಿ ಕಡಲೆ ಹಬ್ಬಿತು. ಸೂರ್ಯಕಾಂತಿಗೆ 1997ರಲ್ಲಿ ಬಾಗೇಪಲ್ಲಿ ಕಡೆ ಕಾಣಿಸಿಕೊಂಡ ನೆಕ್ರೋಸಿಸ್ ನಂಜು ರೋಗ ಒಂದು ಪೆಟ್ಟು ಕೊಟ್ಟರೆ, ಧಾರಣೆಯ ಕುಸಿತ ಇನ್ನೊಂದು ಪೆಟ್ಟು ಕೊಟ್ಟಿತು. 2005-06ರಲ್ಲಿ ದೇಶದಲ್ಲಿ 23 ಲಕ್ಷ ಹೆಕ್ಟೇರಿನಷ್ಟಿದ್ದ ಸೂರ್ಯಕಾಂತಿ 2020ರ ಹೊತ್ತಿಗೆ ಅದರ ಹತ್ತನೆಯ ಒಂದು ಪಾಲಿಗೆ ಇಳಿಯಿತು. ಕುಸುಬಿಯ ಗತಿ ಇನ್ನೂ ಶೋಚನೀಯ: ಒಂದು ಕಾಲಕ್ಕೆ ಏಳೆಂಟು ಲಕ್ಷ ಹೆಕ್ಟೇರಿನಲ್ಲಿದ್ದ ಬೆಳೆ ಒಂದು ಲಕ್ಷಕ್ಕೂ ಕೆಳಗೆ. ಇದಕ್ಕೆ ಆಮದು ಒಂದೇ ಕಾರಣವೆಂದರೆ ಅನ್ಯಾಯವಾದೀತು. ಕುಸುಬಿಯ ಮುಳ್ಳಿಗೆ ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ಕಟಾವು ಮಾಡಬೇಕು. ಆ ಕೆಲಸಕ್ಕೆ ಕೂಲಿಯವರು ಒಲ್ಲೆ ಎಂದರು. ಹೇನಿನ ಕಾಟ ಬೇರೆ. ಇವೆಲ್ಲದರ ಮೇಲೆ ಪೇಟೆಯ ಹುಡುಗರಿಗೆ ಅದರ ವಾಸನೆ ಹಿಡಿಸಲಿಲ್ಲ. ಮನೆಗೆ 'ರಿಫೈನ್ಡ್' ಬರಬೇಕೆಂದರು. ವಿಚಿತ್ರವೆಂದರೆ ಅದೇ ವರ್ಷಗಳಲ್ಲಿ ಮುಂಬಯಿಯ ಅನುಕೂಲಸ್ಥರು ಹೃದಯಕ್ಕೆ ಹಿತವೆಂದು ಹೆಚ್ಚು ಬೆಲೆ ತೆತ್ತು ಕೊಳ್ಳುತ್ತಿದ್ದ ಸಫೋಲಾ ಎಣ್ಣೆ ಹುಟ್ಟಿದ್ದು ಕುಸುಬಿಯಿಂದಲೇ. ನಮ್ಮ ಅಕ್ಕಡಿ ಸಾಲಿನ ಎಣ್ಣೆ ಔಷಧಿಯ ಗೌರವ ಪಡೆದು ದೂರದ ಪೇಟೆಯಲ್ಲಿ ಕುಳಿತಿತ್ತು.

ಎಣ್ಣೆ ಗಿರಣಿಗಳೂ ಮುಚ್ಚಿದವು. ಎಣ್ಣೆ ನಗರವೆಂದೇ ಹೆಸರಾಗಿದ್ದ ಚಳ್ಳಕೆರೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಳು ಹಿಂಡುವ ಊರುಗಳ ಜಾಗವನ್ನು ಬಂದರುಗಳು ಹಿಡಿದವು. ಮಂಗಳೂರಿನ ಪಣಂಬೂರು ಬಂದರಿಗೆ ಹಡಗು ಬಂದು, ಅಲ್ಲೇ ಶುದ್ಧಿಯಾಗಿ, ಟ್ಯಾಂಕರಿನಲ್ಲಿ ಘಟ್ಟ ಹತ್ತಿ ಎಣ್ಣೆ ಹುಬ್ಬಳ್ಳಿಗೆ ಬರತೊಡಗಿತು. ಹತ್ತಿಯ ಬಂಡಿ ಒಂದು ಕಾಲಕ್ಕೆ ಇಳಿದ ಘಟ್ಟವನ್ನೇ ಈಗ ಎಣ್ಣೆ ಏರಿತು.

ಅಂಗಡಿಯ ರೂಪ ಬದಲಾದದ್ದು ಈ ಕಥೆಯ ಇನ್ನೊಂದು ಮುಖ. ನಮ್ಮ ಅವಳಿ ನಗರಕ್ಕೆ ಹೊಸ ಬಗೆಯ ಅಂಗಡಿಯ ಹೆಸರು ಎಂದೋ ಬಂದಿತ್ತು. ಹುಬ್ಬಳ್ಳಿಯಲ್ಲಿ ಜನತಾ ಬಜಾರ್ ಇದೆ, ಧಾರವಾಡದಲ್ಲಿ ಸೂಪರ್ ಮಾರ್ಕೆಟ್ ಇದೆ. ಹೊರಗಿನಿಂದ ಬಂದ ನೆಂಟರು ಸೂಪರ್ ಮಾರ್ಕೆಟ್ ಎಂದು ಕೇಳಿ ಗಾಜಿನ ಬಾಗಿಲು ಹುಡುಕಿದರೆ ಕಾಣುವುದು ಕಾಯಿಪಲ್ಲೆಯ ಬುಟ್ಟಿಗಳು! ಎಣ್ಣೆಯನ್ನು ಮಾತ್ರ ಆಗೆಲ್ಲ ಓಣಿಯ ಕಿರಾಣಿ ಅಂಗಡಿಯಿಂದಲೇ ತರುತ್ತಿದ್ದರು. ಅಂಗಡಿಕಾರ ಡಬ್ಬಿಯ ಬಾಯಿ ಕೊಯ್ದು, ಅಳತೆಯ ಪಾತ್ರೆ ಅದ್ದಿ, ನೀವು ಒಯ್ದ ಗಿಂಡಿಗೆ ಸುರಿಯುವನು. ಎರಡು ರೂಪಾಯಿಯ ಎಣ್ಣೆಯೂ ಸಿಗುತ್ತಿತ್ತು. ದಿನಗೂಲಿಯ ಮನೆಗೆ ಅದು ದೊಡ್ಡ ಅನುಕೂಲ. ಉದ್ರಿ ಬೇರೆ.

1998ರ ಆಗಸ್ಟಿನಲ್ಲಿ ದಿಲ್ಲಿಯಲ್ಲಿ ದತ್ತೂರಿ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು ಅರವತ್ತಕ್ಕೂ ಹೆಚ್ಚು ಜನ ಜಲೋದರದಂಥ ಬಾವಿನ ರೋಗದಿಂದ ಸತ್ತರು. ಮರು ತಿಂಗಳೇ ಖಾದ್ಯ ತೈಲವನ್ನು ಮೊಹರು ಮಾಡಿದ ಪೊಟ್ಟಣದಲ್ಲೇ ಮಾರಬೇಕೆಂಬ ಆಜ್ಞೆ ಹೊರಟಿತು. ಬಿಡಿ ಎಣ್ಣೆ ಒಮ್ಮೆಲೇ ನಿಲ್ಲಲಿಲ್ಲ. ಆದರೆ ಪಾಕೀಟಿನ ಕಾಲ ಶುರುವಾಯಿತು. ಆಜ್ಞೆಯ ಉದ್ದೇಶ ಒಳ್ಳೆಯದು, ಅದನ್ನು ಅಲ್ಲಗಳೆಯುವಂತಿಲ್ಲ. ಪರಿಣಾಮ ಮಾತ್ರ ಎರಡು ಬಗೆಯದಾಯಿತು. ಊರಿನ ಸಣ್ಣ ಗಿರಣಿಯವನಿಗೆ ಪಾಕೀಟು ತುಂಬುವ ಯಂತ್ರ, ಪ್ರಯೋಗಾಲಯ, ಜಾಹೀರಾತು ಯಾವುದೂ ಎಟುಕಲಿಲ್ಲ. ಬಂದರಿನ ದೊಡ್ಡ ಶುದ್ಧೀಕರಣ ಕಾರ್ಖಾನೆಗಳಿಗೆ ಎಲ್ಲವೂ ಎಟುಕಿದವು. ಹೊಸ ಶತಮಾನದಲ್ಲಿ ಸರಣಿ ಅಂಗಡಿಗಳು, ಮಾಲ್‌ಗಳು ಹುಬ್ಬಳ್ಳಿಗೆ ಬಂದಾಗ ಕಪಾಟಿನಲ್ಲಿ ಸಾಲಾಗಿ ನಿಲ್ಲಲು ಪಾಕೀಟುಗಳು ತಯಾರಾಗಿದ್ದವು. ಕಿರಾಣಿಯವನು ಸತ್ತುಹೋಗುತ್ತಾನೆಂದು ಆಗ ಬಹಳ ಜನ ಹೇಳಿದರು. ಅವನು ಸಾಯಲಿಲ್ಲ, ಉದ್ರಿ ಕೊಡುವವನು ಸುಲಭವಾಗಿ ಸಾಯುವುದಿಲ್ಲ. ಆದರೆ ಅವನ ಎಣ್ಣೆ ಇನ್ನು ಊರಿನದಾಗಿ ಉಳಿಯಲಿಲ್ಲ. ಮಾಲ್‌ನಲ್ಲಿ ಸಿಗುವುದೇ ಅವನಲ್ಲೂ ಸಿಕ್ಕಿತು.

ಸರಕಾರವೂ ಇದೇ ದಾರಿ ಹಿಡಿಯಿತು. 2015ರಲ್ಲಿ ಅನ್ನಭಾಗ್ಯ ಯೋಜನೆಯಡಿ ಲೀಟರಿಗೆ 25 ರೂಪಾಯಿಯಂತೆ ಕೊಡತೊಡಗಿದ್ದು ತಾಳೆ ಎಣ್ಣೆ. ಪಡಿತರ ಚೀಟಿಯಿದ್ದ ರೈತ ತಾನು ಬೆಳೆಯುವುದನ್ನು ಬಿಟ್ಟ ಎಣ್ಣೆಯ ಬದಲು ಇನ್ನೊಂದು ದೇಶದ ಎಣ್ಣೆಯನ್ನು ಮನೆಗೆ ತಂದ. ಒಂದೇ ಮನೆಯಲ್ಲಿ ಬೆಳೆಗಾರನಾಗಿ ಅವನು ಕಳೆದುಕೊಂಡ, ತಿನ್ನುವವನಾಗಿ ಗಳಿಸಿದ. ಎರಡನ್ನೂ ಕೂಡಿ ಕಳೆದರೆ ಉಳಿಯುವುದೆಷ್ಟು ಎಂಬ ಲೆಕ್ಕವನ್ನು ನೀವೇ ನಿಮ್ಮ ಊರಿನ ಒಂದು ಮನೆಯನ್ನು ಹಿಡಿದು ಮಾಡಿ ನೋಡಬಹುದು. ಹೊಲವಿಲ್ಲದ ಕೂಲಿಯವನ ಮನೆಯ ಲೆಕ್ಕ ಬೇರೆ ಬರುತ್ತದೆ, ಅವನಿಗೆ ಲಾಭವೇ. ಎರೆಹೊಲದ ಹತ್ತೆಕರೆಯವನ ಲೆಕ್ಕ ಬೇರೆ.

2022ರಲ್ಲಿ ಈ ವ್ಯವಸ್ಥೆಯ ಹುಳುಕು ಬಯಲಾಯಿತು. ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ನಾವು ತರಿಸಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಸಿಂಹಪಾಲು ಉಕ್ರೇನಿನದು. ಹುಬ್ಬಳ್ಳಿಯಲ್ಲಿ ಪಾಕೀಟಿನ ದರ ವಾರವಾರಕ್ಕೆ ಏರಿತು. ತಾಳೆ ಎಣ್ಣೆಗೆ ಹೊರಳೋಣವೆಂದರೆ ಏಪ್ರಿಲ್ 28ರಂದು ಇಂಡೋನೇಶಿಯಾ ತನ್ನ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಮೇ ಕೊನೆಯವರೆಗೆ ತೆರೆಯಲಿಲ್ಲ. ಯುದ್ಧ ಯಾರದೋ, ಕಪ್ಪು ಸಮುದ್ರ ಎಲ್ಲೋ. ಮಿರ್ಚಿಯ ತಟ್ಟೆಗೆ ಐದು ರೂಪಾಯಿ ಏರಿದ್ದು ದುರ್ಗದ ಬೈಲಿನಲ್ಲಿ. 1969ರಲ್ಲಿ ಆ ಕಡೆಯಿಂದ ನಮಗೆ ಬಂದದ್ದು ಬೀಜ. ಅರ್ಧ ಶತಮಾನದ ಬಳಿಕ ಅದೇ ಕಡೆಯಿಂದ ಎಣ್ಣೆಗಾಗಿ ಕಾಯುತ್ತ ಕುಳಿತಿದ್ದೆವು.

ಆಮೇಲೆ ಏನಾಯಿತು? 2024ರ ಸೆಪ್ಟೆಂಬರದಲ್ಲಿ ಕೇಂದ್ರ ಸರಕಾರ ಕಚ್ಚಾ ಎಣ್ಣೆಗಳ ಮೇಲಿನ ಒಟ್ಟು ಸುಂಕವನ್ನು ಶೇಕಡಾ 5.5ರಿಂದ 27.5ಕ್ಕೆ ಏರಿಸಿತು. ಆ ಹಂಗಾಮಿಗೆ ಸೂರ್ಯಕಾಂತಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 7,280 ರೂಪಾಯಿ ಎಂದು ಘೋಷಣೆಯಾಗಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಕೆಳಗೇ ಓಡಾಡುತ್ತಿತ್ತು. ಸುಂಕ ಏರಿದಾಗ ಬೆಳೆಗಾರರಿಗೆ ಸ್ವಲ್ಪ ಉಸಿರು ಬಂತು. ಪೇಟೆಯಲ್ಲಿ ಎಣ್ಣೆಯ ದರವೂ ಏರಿತು, ಗೃಹಿಣಿಯರು ಗೊಣಗಿದರು. 2025ರ ಮೇ ತಿಂಗಳ ಕೊನೆಗೆ ಸುಂಕವನ್ನು ಶೇಕಡಾ 16.5ಕ್ಕೆ ಇಳಿಸಲಾಯಿತು. ಆಗ ಮೃಗಶಿರ ಮಳೆ ಇನ್ನೇನು ಕೂಡುವ ಹೊತ್ತು. ಧಾರವಾಡದ ರೈತ ಮುಂಗಾರಿಗೆ ಶೇಂಗಾ ಬಿತ್ತಬೇಕೋ ಗೋವಿನಜೋಳ ಬಿತ್ತಬೇಕೋ ಎಂದು ಬೀಜದ ಅಂಗಡಿಯ ಮುಂದೆ ನಿಂತಿದ್ದ.